ತಗಡಿನೊಳಗಿನ ತಗಡು

ಕೆಲವು ದಿನಗಳ ಹಿಂದೆ ಒಂದು ಸಂಜೆ, ನಮ್ಮ ವಾಚನಾಲಯದ ಕದವಿಕ್ಕುವ ಹೊತ್ತಿಗೆ ತರುಣ ಮಿತ್ರರೊಬ್ಬರು ಬಂದು, ಕಿಸೆಯಿಂದ ಒಂದು ಸುಟ್ಟ ಲೋಹದ ಚೂರನ್ನು ತೆಗೆದು ಮೇಜಿನ ಮೇಲಿಟ್ಟರು. ಅವರು ಹುಬ್ಬಳ್ಳಿಯ ಕಡೆಯವರು. ಮುಂಬಯಿಯ ಉಪನಗರದ ಒಂದು ಗ್ಯಾರೇಜಿನಲ್ಲಿ ಮೋಟಾರುಗಳ ರೇಡಿಯೇಟರು ರಿಪೇರಿಯ ಕೆಲಸದಲ್ಲಿದ್ದಾರೆ. ಅವರ ತಂದೆಯವರೂ ಊರಿನಲ್ಲಿ ಅದೇ ಕೆಲಸ ಮಾಡಿದವರು.

"ನಮ್ಮಪ್ಪ ಹಿತ್ತಾಳಿ ರೇಡಿಯೇಟರಿಗೆ ಬೆಸುಗಿ ಹಾಕಿದ್ರ ಗಾಡಿ ಹಾಳಾದ್ರೂ ಬೆಸುಗಿ ಬಿಡ್ತಿರಲಿಲ್ಲರಿ. ನಾನೂ ಅವರ ಕೈಯಾಗ ಕಲ್ತಾಂವ. ಆದ್ರ ಈ ಅಲ್ಯುಮಿನಿಯಂಗೆ ಉರಿ ತೋರಿಸೂದ ತಡ, ಸಾಸಿವಿ ಕಾಳಿನಂಥ ತೂತು ಅಂಗೈ ಅಗಲ ಬಾಯಿ ಬಿಡ್ತದ. ಎರಡು ರೇಡಿಯೇಟರ್ ಹಾಳಾದುವು ಅಂತ ಸೇಟ್ ಪಗಾರದಾಗ ಹಿಡಕೊಂಡಾನ. ಅಲ್ಯುಮಿನಿಯಂಗೆ ಅಲ್ಯುಮಿನಿಯಂ ಕಡ್ಡೀನ ಹಚ್ಚೀನಿ. ಯಾಕ ಒಂದಕ್ಕೊಂದು ಕೂಡವಲ್ಲವು?" ಎಂದು ಅವರು ಕೇಳಿದರು.

ನಮ್ಮಲ್ಲಿ ಹೆಚ್ಚಿನವರು ಲೇಖಣಿ ಹಿಡಿದು ಹೊಟ್ಟೆ ಹೊರೆಯುವವರು. ಆ ಹೊತ್ತಿಗೆ ನಮ್ಮಿಂದ ಉತ್ತರ ಬರಲಿಲ್ಲ. ಆಮೇಲೆ ತಿಳಿದವರನ್ನು ಕೇಳಿ, ದೊರೆತ ಪುಸ್ತಕಗಳನ್ನು ಓದಿ, ತಿಳಿದುಕೊಂಡಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ. ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಇತರ ಸದಸ್ಯರಿಗೂ ಇದು ಉಪಯೋಗವಾದೀತೆಂಬ ನಂಬಿಕೆ ನಮಗಿದೆ.

ಮೊದಲು ಹೇಳಬೇಕಾದುದೆಂದರೆ, ಪೇಟೆಯಲ್ಲಿ ನಾವು ಅಲ್ಯುಮಿನಿಯಂ ಎಂದು ಒಂದೇ ಹೆಸರಿನಿಂದ ಕರೆಯುವ ವಸ್ತು ಒಂದೇ ಅಲ್ಲ. ಶುದ್ಧ ಅಲ್ಯುಮಿನಿಯಂ ಬಹಳ ಮೆದು. ಅದಕ್ಕೆ ನೂರಕ್ಕೆ ಒಂದು ಪಾಲಿನಷ್ಟು ಮ್ಯಾಂಗನೀಸ್ ಬೆರೆಸಿದರೆ ತುಸು ಗಟ್ಟಿಯಾಗಿ, ಬಾಗಿಸಲೂ ಒದಗುವ ತಗಡಾಗುತ್ತದೆ. ನಾಲ್ಕು ಪಾಲು ತಾಮ್ರ ಬೆರೆಸಿ ಹದಗೊಳಿಸಿದರೆ ವಿಮಾನಕ್ಕೆ ಬೇಕಾದ ಬಲ ಬರುತ್ತದೆ. ಹತ್ತು ಹನ್ನೆರಡು ಪಾಲು ಸಿಲಿಕಾನ್ ಬೆರೆಸಿದರೆ ನೀರಿನಂತೆ ಹರಿದು ಅಚ್ಚಿನ ಮೂಲೆಮೂಲೆಗೂ ನುಗ್ಗುವ ಎರಕದ ಲೋಹವಾಗುತ್ತದೆ. ನೋಟಕ್ಕೆ ಎಲ್ಲವೂ ಒಂದೇ ಬಿಳುಪು. ತೂಕದಲ್ಲಿಯೂ ಹೇಳಿಕೊಳ್ಳುವಂತಹ ಅಂತರವಿಲ್ಲ. ಆದರೆ ಬೆಂಕಿಯ ಮುಂದೆ ಇವು ಬೇರೆಬೇರೆಯಾಗಿ ನಡೆದುಕೊಳ್ಳುತ್ತವೆ. ಶುದ್ಧ ಅಲ್ಯುಮಿನಿಯಂ ಕರಗುವುದು 660 ಡಿಗ್ರಿ ಸೆಂಟಿಗ್ರೇಡಿನಲ್ಲಿ. ಮ್ಯಾಂಗನೀಸ್ ಬೆರೆತದ್ದು ಸುಮಾರು 643ರಲ್ಲಿ ಕರಗತೊಡಗುತ್ತದೆ. ಸಿಲಿಕಾನ್ ಬೆರೆತದ್ದಾದರೋ 577ಕ್ಕೇ ಕರಗಲಾರಂಭಿಸುತ್ತದೆ. ಸಿಲಿಕಾನ್ ಒಂದೇ ಇದ್ದರೆ 1400 ಡಿಗ್ರಿ ದಾಟದೆ ಕರಗದು. ಹಾಗಿದ್ದೂ ಎರಡೂ ಕೂಡಿದಾಗ ಎರಡಕ್ಕಿಂತಲೂ ಬೇಗ ಕರಗುವುದು ವಿಚಿತ್ರವಾಗಿ ತೋರಬಹುದು. ಆದರೆ ನಮ್ಮ ಮಿತ್ರರ ತಂದೆಯವರು ಕೈಯಲ್ಲಿ ಹಿಡಿದಿದ್ದ ಬೆಸುಗೆಯೂ ಇಂತಹುದೇ. ಸೀಸ 327ರಲ್ಲಿ, ತವರ 232ರಲ್ಲಿ ಕರಗುತ್ತವೆ. ತಕ್ಕ ಪ್ರಮಾಣದಲ್ಲಿ ಬೆರೆಸಿದರೆ 183ಕ್ಕೇ ನೀರಾಗುತ್ತವೆ.

ಇನ್ನು, ಕೂಡಲೊಲ್ಲದ ಮಾತು. ನಮ್ಮ ಓಣಿಗಳಲ್ಲಿ ಕಲಾಯಿಯವರು ಕೆಲಸ ಮಾಡುವುದನ್ನು ಎಲ್ಲರೂ ನೋಡಿದ್ದೇವೆ. ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಉದುರಿಸಿ, ಬಿಳಿಯ ಹೊಗೆ ಏಳುತ್ತಿರುವಾಗಲೇ ತವರದ ಕಡ್ಡಿ ಮುಟ್ಟಿಸಿ, ಹತ್ತಿಯಿಂದ ಒರೆಸಿದರೆಂದರೆ ಕ್ಷಣದಲ್ಲಿ ಬೆಳ್ಳಿಯಂತಹ ಹೊಳಪು ಹಬ್ಬುತ್ತದೆ. ಅಲ್ಲಿ ನಿಜವಾದ ಕೆಲಸ ಮಾಡುವುದು ನವಸಾಗರ. ಗಾಳಿಯ ಆಮ್ಲಜನಕ ಕೂಡಿ ತಾಮ್ರದ ಮೈಮೇಲೆ ಕಟ್ಟಿದ ಕಿಲುಬನ್ನು ಅದು ತೊಡೆದುಹಾಕುತ್ತದೆ. ಆಗ ಬರಿಯ ತಾಮ್ರಕ್ಕೆ ಬರಿಯ ತವರ ತಾಗುತ್ತದೆ. ಲೋಹಕ್ಕೆ ಲೋಹ ತಾಗಿದರೆ ಕೂಡುತ್ತವೆ. ನಡುವೆ ಕಿಲುಬಿದ್ದರೆ ಕೂಡುವುದಿಲ್ಲ.

ಅದೇ ಕಲಾಯಿಯವರ ಮುಂದೆ ಅಲ್ಯುಮಿನಿಯಂ ಪಾತ್ರೆ ಇಟ್ಟರೆ ಅವರು ಕೈಯಾಡಿಸಿಬಿಡುತ್ತಾರೆ. ಕಾರಣ, ಅಲ್ಯುಮಿನಿಯಂ ಮೇಲಿನ ಪೊರೆ ನವಸಾಗರಕ್ಕೆ ಜಗ್ಗುವುದಲ್ಲ. ಆ ಪೊರೆ ಬಹಳ ತೆಳುವಾದುದು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ, ಅದರಲ್ಲಿ ಕೆಲವೇ ಪಾಲಿನಷ್ಟು. ಆದರೆ ಅದನ್ನು ಕರಗಿಸಬೇಕಾದರೆ 2000 ಡಿಗ್ರಿಗಳನ್ನೂ ಮೀರಿದ ಕಾವು ಬೇಕು. ಒಳಗಿನ ಲೋಹವೆಲ್ಲ 660ರಲ್ಲಿ ನೀರಾಗಿದ್ದರೂ ಪೊರೆ ಚೀಲದಂತೆ ಹಾಗೆಯೇ ನಿಂತಿರುತ್ತದೆ. ಅರದಿಂದ ಉಜ್ಜಿ ತೆಗೆಯೋಣವೆಂದರೆ, ಉಜ್ಜಿದ ಕೈ ಹಿಂತೆಗೆಯುವುದರೊಳಗೆ ಹೊಸ ಪೊರೆ ಕಟ್ಟಿಯಾಗಿರುತ್ತದೆ. ಹಾಗೆಂದು ಪೊರೆಯನ್ನು ಬರಿದೇ ಬೈಯುವಂತಿಲ್ಲ. ಅದಿರುವುದರಿಂದಲೇ ಅಲ್ಯುಮಿನಿಯಂ ಕಬ್ಬಿಣದಂತೆ ತುಕ್ಕು ಹಿಡಿದು ಉದುರಿಹೋಗದೆ ಉಳಿದಿರುವುದು.

ಹೀಗಿರುವಲ್ಲಿ ಎರಡು ಬಗೆಯ ಅಲ್ಯುಮಿನಿಯಂಗಳನ್ನು ಒಂದು ಮಾಡಿದವರು ಹೇಗೆ ಮಾಡಿದರು? ಮೊದಲು ದೊರೆತ ಉಪಾಯ ಉರುಳೆಗಳದು. ಅದರ ಕಥೆ ವಿಮಾನಗಳಿಂದ ಆರಂಭವಾಗುತ್ತದೆ. ಜರ್ಮನಿಯ ಆಲ್‌ಫ್ರೆಡ್ ವಿಲ್ಮ್ ಎಂಬ ಲೋಹವಿಜ್ಞಾನಿ 1906ರಲ್ಲಿ ತಾಮ್ರ, ಮೆಗ್ನೀಸಿಯಂ ಬೆರೆತ ಅಲ್ಯುಮಿನಿಯಂ ಒಂದನ್ನು ಕಾಯಿಸಿ, ಒಮ್ಮೆಲೇ ತಣಿಸಿ, ಸುಮ್ಮನೆ ಇರಿಸಿದನು. ಒಂದೆರಡು ದಿನಗಳಲ್ಲಿ ಅದು ತಾನಾಗಿಯೇ ಗಟ್ಟಿಯಾಗಿದ್ದುದನ್ನು ಕಂಡನು. ಅದೇ ಡ್ಯುರಾಲುಮಿನ್. ವಿಮಾನದ ಮೈಗೆ ಹೇಳಿಮಾಡಿಸಿದಂತಹ ಲೋಹ. ಆದರೆ ಅದಕ್ಕೊಂದು ದೋಷವಿದ್ದಿತು. ತಾಮ್ರ ಬೆರೆತಿದ್ದುದರಿಂದ ಅದರ ಪೊರೆ ಪೂರ್ತಿ ಕಾಪಾಡುತ್ತಿರಲಿಲ್ಲ. ಉಪ್ಪುಗಾಳಿ ತಾಗಿದರೆ ಹೊರಗೆ ಏನೂ ಕಾಣದಂತೆ ಒಳಗೊಳಗೇ ಸವೆಯುತ್ತಿತ್ತು. ಗೆದ್ದಲು ಹಿಡಿದ ತೊಲೆ ಇದ್ದಂತೆ.

ಅಮೆರಿಕದ ಆಲ್ಕೋವಾ ಸಂಸ್ಥೆಯಲ್ಲಿದ್ದ ಎಡ್ಗರ್ ಡಿಕ್ಸ್ ಎಂಬುವರು 1927ರಲ್ಲಿ ಇದಕ್ಕೊಂದು ಪರಿಹಾರವನ್ನು ಪ್ರಕಟಿಸಿದರು. ಗಟ್ಟಿ ಲೋಹದ ಎರಡೂ ಮೈಗೆ ಶುದ್ಧ ಅಲ್ಯುಮಿನಿಯಂನ ತೆಳುವಾದ ಹೊದಿಕೆ ಹೊದಿಸುವುದೇ ಆ ಪರಿಹಾರ. ಇದಕ್ಕೆ ಆಲ್‌ಕ್ಲಾಡ್ ಎಂದು ಹೆಸರಾಯಿತು. ಹೊದಿಕೆ ಒಂದೊಂದು ಬದಿಗೆ ತಗಡಿನ ದಪ್ಪದ ನೂರಕ್ಕೆ ಐದರಷ್ಟಿದ್ದರೆ ಸಾಕು. ಅದು ಬರಿಯ ಬಣ್ಣದಂತೆ ಮುಚ್ಚಿಕೊಂಡು ಕೂಡುವುದಿಲ್ಲ. ಗೀರು ಬಿದ್ದು ಒಳಗಿನ ಲೋಹ ಹೊರಗೆ ಕಂಡರೂ, ವಿದ್ಯುತ್ತಿನ ನಿಯಮಕ್ಕನುಸಾರವಾಗಿ ಹೊದಿಕೆ ತಾನು ಮೊದಲು ಸವೆದು ಒಳಗಿನದನ್ನು ಉಳಿಸುತ್ತದೆ. 1929ರಲ್ಲಿ ಹಾರಿದ ಅಮೆರಿಕದ ಲೋಹದ ವಾಯುನೌಕೆಯೊಂದರ ಮೈ ಈ ತಗಡಿನದೇ. ದಪ್ಪ ಕಾಲು ಮಿಲಿಮೀಟರು. 1940ರಲ್ಲಿ ಆರಂಭವಾದ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ದುಡಿದು ಬಂದ ಹಿರಿಯರಿಗೆ ಈ ತಗಡಿನ ಪರಿಚಯ ಇದ್ದೀತು.

ಹೊದಿಸುವ ಬಗೆ ಹೀಗೆ. ಒಳಲೋಹದ ದಪ್ಪ ಗಟ್ಟಿಯೊಂದನ್ನು ಮೊದಲು ಎರಕ ಹೊಯ್ದು ಮೈ ಕೆತ್ತಿ ಚೊಕ್ಕಟಮಾಡುತ್ತಾರೆ. ಹೊದಿಕೆಯ ಲೋಹವನ್ನು ಬೇರೆಯಾಗಿ ಉರುಳೆಗೆ ಹಾಕಿ ಹಲಗೆಯಾಗಿಸುತ್ತಾರೆ. ಹಲಗೆಯನ್ನು ಗಟ್ಟಿಯ ಮೇಲೆ ಕೂಡಿಸಿ, ಕುಲುಮೆಯಲ್ಲಿ ಸುಮಾರು 500 ಡಿಗ್ರಿಗೆ ಗಂಟೆಗಟ್ಟಲೆ ಕಾಯಿಸಿ, ಬಲವಾದ ಉರುಳೆಗಳ ನಡುವೆ ಹಾಯಿಸುತ್ತಾರೆ. ಒತ್ತಡಕ್ಕೆ ಲೋಹ ಹಿಗ್ಗುತ್ತದೆ. ಅದರ ಮೈಮೇಲಿನ ಪೊರೆ ಹಿಗ್ಗಲಾರದು. ಬೇಸಗೆಯಲ್ಲಿ ಕೆರೆಯ ತಳದ ಕೆಸರು ಒಡೆಯುವಂತೆ ಪೊರೆ ಬಿರಿಯುತ್ತದೆ. ಆ ಬಿರುಕುಗಳಲ್ಲಿ ಎರಡು ಕಡೆಯಿಂದಲೂ ಹೊಸ ಲೋಹ, ಇನ್ನೂ ಗಾಳಿಯನ್ನೇ ಕಾಣದ ಲೋಹ, ಉಬ್ಬಿಬಂದು ಒಂದಕ್ಕೊಂದು ತಾಗುತ್ತದೆ. ತಾಗಿತೆಂದರೆ ಕೂಡಿತು. ಕಲಾಯಿಯಲ್ಲಿ ನವಸಾಗರ ಮಾಡುವ ಕೆಲಸವನ್ನು ಇಲ್ಲಿ ಉರುಳೆಯ ಒತ್ತಡ ಮಾಡುತ್ತದೆ.

ಆದರೆ ಒಡೆದ ಪೊರೆಯ ಚೂರುಗಳು ಬೆಸುಗೆಯ ಸಾಲಿನಲ್ಲಿಯೇ ಉಳಿಯುತ್ತವೆ. ಉರುಳೆಯ ಮೊದಲ ಸುತ್ತಿನಲ್ಲಿ ಹಲಗೆ ಜಾರುವುದುಂಟು. ನಡುವೆ ಗಾಳಿ ಸಿಕ್ಕಿಕೊಂಡರೆ ತಗಡು ಮುಂದೆ ಕಾದಾಗ ಗುಳ್ಳೆಯೇಳುತ್ತದೆ. ಅಂಚುಗಳನ್ನು ಕತ್ತರಿಸಿ ಎಸೆಯಬೇಕಾಗುತ್ತದೆ. ಮೆಗ್ನೀಸಿಯಂ ಹೆಚ್ಚಾಗಿರುವ ಮಿಶ್ರಲೋಹವಂತೂ ಕುಲುಮೆಯಲ್ಲಿ ಕಾಯುವಾಗಲೇ ದಪ್ಪ ಪೊರೆ ಕಟ್ಟಿಕೊಂಡು ಕೂಡಲು ಬಹಳ ಕಾಡುತ್ತದೆ. ಹೀಗಾಗಿ ಬೇಕೆಂದ ಜೋಡಿಗಳನ್ನೆಲ್ಲ ಉರುಳೆಯಿಂದ ಒಂದುಮಾಡಲು ಆಗುತ್ತಿರಲಿಲ್ಲ.

ಪೊರೆಯನ್ನು ಒಡೆಯುವುದಕ್ಕಿಂತ ಅದು ಕಟ್ಟುವುದಕ್ಕೇ ಎಡೆಗೊಡದಿದ್ದರೆ ಮೇಲಲ್ಲವೆ? ಎರಕ ಹೊಯ್ಯುವಾಗಲೇ ಎರಡು ಲೋಹಗಳನ್ನೂ ಕೂಡಿಸಿಬಿಟ್ಟರೆ? ಈ ಯೋಚನೆ ಹಳೆಯದು. ಕೈಗೂಡಿದ್ದು ಮಾತ್ರ ಇತ್ತೀಚೆಗೆ. ಏಕೆ ತಡವಾಯಿತೆಂಬುದನ್ನು ನಮ್ಮ ಹೋಟೆಲುಗಳ ಅಡಿಗೆಮನೆಯಲ್ಲಿ ದುಡಿಯುವ ಮಿತ್ರರು ನಮಗಿಂತ ಚೆನ್ನಾಗಿ ಬಲ್ಲರು. ಎರಡು ಬಣ್ಣದ ಬರ್ಫಿ ಮಾಡುವಾಗ ಮೊದಲ ಪದರವನ್ನು ತಟ್ಟೆಗೆ ಸುರಿದು ಎರಡನೆಯದನ್ನು ಯಾವಾಗ ಸುರಿಯಬೇಕು? ಅವಸರ ಮಾಡಿದರೆ ಎರಡೂ ಕಲಸಿಹೋಗಿ ಬಣ್ಣ ಕೆಡುತ್ತದೆ. ತಡಮಾಡಿದರೆ ಕೆಳಗಿನದು ಒಣಗಿ ಮೈ ಬಿಗಿದುಕೊಂಡು, ಚಾಕು ಹಾಕಿದೊಡನೆ ಪದರಗಳು ಬೇರೆಬೇರೆಯಾಗಿ ಎದ್ದುಬರುತ್ತವೆ. ಕೆಳಗಿನದು ನಿಲ್ಲುವಷ್ಟು ಗಟ್ಟಿಯಾಗಿ, ಹಿಡಿದುಕೊಳ್ಳುವಷ್ಟು ಹಸಿಯಾಗಿರುವ ಒಂದು ಗಳಿಗೆ ಉಂಟು. ಆ ಗಳಿಗೆಯಲ್ಲಿ ಸುರಿದವನ ಬರ್ಫಿ ಮಾತ್ರ ಒಂದಾಗಿ ನಿಲ್ಲುತ್ತದೆ.

ಅಲ್ಯುಮಿನಿಯಂಗೂ ಅಂತಹ ಗಳಿಗೆ ಉಂಟು. ಮಿಶ್ರಲೋಹವು ಶುದ್ಧ ಲೋಹದಂತೆ ಒಂದೇ ಡಿಗ್ರಿಯಲ್ಲಿ ಗಟ್ಟಿಯಾಗುವುದಿಲ್ಲ. ಗಟ್ಟಿಯಾಗತೊಡಗುವ ಡಿಗ್ರಿ ಒಂದು, ಪೂರ್ತಿ ಗಟ್ಟಿಯಾಗುವ ಡಿಗ್ರಿ ಇನ್ನೊಂದು. ನಡುವೆ ಅರೆಗಟ್ಟಿಯಾದ ಸ್ಥಿತಿ. ದೊಡ್ಡ ಕಾರ್ಖಾನೆಗಳಲ್ಲಿ 1930ರ ದಶಕದಿಂದಲೂ ಗಟ್ಟಿಗಳನ್ನು ಎರೆಯುವುದು ತಳವಿಲ್ಲದ ಅಚ್ಚಿನಲ್ಲಿ. ಮೇಲಿನಿಂದ ಕರಗಿದ ಲೋಹ ಬೀಳುತ್ತಿರುತ್ತದೆ. ಅಚ್ಚಿನ ಗೋಡೆಗೆ ತಾಗಿ ಹೊರಮೈ ಗಟ್ಟಿಯಾಗುತ್ತದೆ. ಕೆಳಗಿನ ಪೀಠ ನಿಮಿಷಕ್ಕೆ ಕೆಲವು ಸೆಂಟಿಮೀಟರಿನಂತೆ ಇಳಿಯುತ್ತಿರುತ್ತದೆ. ಇಳಿದು ಹೊರಬಂದ ಮೈಮೇಲೆ ನೀರು ಚಿಮ್ಮಿಸಿ ತಣಿಸುತ್ತಾರೆ. 2006ರಲ್ಲಿ ನೊವೆಲಿಸ್ ಎಂಬ ಸಂಸ್ಥೆ ಫ್ಯೂಷನ್ ಎಂಬ ಹೆಸರಿನಲ್ಲಿ ಪ್ರಕಟಿಸಿದ ವಿಧಾನದಲ್ಲಿ ಇದೇ ಅಚ್ಚಿನೊಳಗೆ ತಂಪುಮಾಡಿದ ಒಂದು ಅಡ್ಡಗೋಡೆ ಇರುತ್ತದೆ. ಗೋಡೆಯ ಒಂದು ಬದಿಗೆ ಮೊದಲ ಮಿಶ್ರಲೋಹವನ್ನು ಹೊಯ್ಯುತ್ತಾರೆ. ಗೋಡೆಗೆ ತಾಗಿ ಅದರ ಮೈ ಚಿಪ್ಪುಗಟ್ಟುತ್ತದೆ. ಚಿಪ್ಪು ಗೋಡೆಯ ಕೆಳ ಅಂಚನ್ನು ದಾಟಿ ಇಳಿದೊಡನೆ ಆ ಬದಿಯಲ್ಲಿ ಕಾದಿರುವ ಎರಡನೆಯ ಮಿಶ್ರಲೋಹದ ಮಡುವಿಗೆ ಮೈಯೊಡ್ಡುತ್ತದೆ. ಆ ಕ್ಷಣದಲ್ಲಿ ಚಿಪ್ಪಿನ ಕಾವು ಅರೆಗಟ್ಟಿಯ ಮೇರೆಯೊಳಗೇ ಇರಬೇಕು. ತನ್ನ ಕಾಲ ಮೇಲೆ ತಾನು ನಿಲ್ಲಬೇಕು, ಆದರೆ ಇನ್ನೂ ಹಸಿಯಾಗಿರಬೇಕು. ಹಾಗಿದ್ದರೆ ಎರಡೂ ಲೋಹಗಳು ಕಲಸಿಹೋಗದೆ, ನಡುವೆ ಪೊರೆಯ ಸಾಲನ್ನೂ ಬಿಡದೆ, ಒಂದೇ ಗಟ್ಟಿಯಾಗಿ ಕೆಳಗಿಳಿಯುತ್ತವೆ. ಬರ್ಫಿಗೂ ಇದಕ್ಕೂ ವ್ಯತ್ಯಾಸವೇನೆಂದರೆ, ಇಲ್ಲಿ ಪದರಗಳು ಮಲಗಿರದೆ ಮಗ್ಗುಲಲ್ಲಿ ನಿಂತಿರುತ್ತವೆ; ಸುರಿಯುವುದಕ್ಕೆ ಒಂದೇ ಗಳಿಗೆಯಲ್ಲ, ಎರಕ ಮುಗಿಯುವವರೆಗೂ ಆ ಗಳಿಗೆಯನ್ನೇ ಹಿಡಿದು ನಿಲ್ಲಿಸಿಕೊಂಡಿರಬೇಕು.

ಹೀಗೆ ಹುಟ್ಟಿದ ಗಟ್ಟಿ ಉರುಳೆಯ ಬಾಯಿಗೆ ಬರುವಾಗಲೇ ಒಂದು ದೇಹವಾಗಿರುತ್ತದೆ. ಮುಂದೆ ಎಷ್ಟು ತೆಳುಮಾಡಿದರೂ ಪದರಗಳ ಪ್ರಮಾಣ ಹೆಚ್ಚುಕಡಮೆ ಹಾಗೆಯೇ ಉಳಿಯುತ್ತದೆ. 500 ಮಿಲಿಮೀಟರು ದಪ್ಪದ ಗಟ್ಟಿಗೆ 50 ಮಿಲಿಮೀಟರು ಹೊದಿಕೆ ಇದ್ದರೆ, 0.3 ಮಿಲಿಮೀಟರು ತಗಡಾದಾಗ ಹೊದಿಕೆ 0.03 ಮಿಲಿಮೀಟರು, ಎಂದರೆ ನೀವೀಗ ಓದುತ್ತಿರುವಂತಹ ಕಾಗದದ ದಪ್ಪದ ಮೂರರಲ್ಲೊಂದು ಪಾಲು. ಉರುಳೆಗೆ ಒಗ್ಗದ ಜೋಡಿಗಳೂ ಈ ದಾರಿಯಲ್ಲಿ ಕೂಡಿದುವು. ಕಾರಿನ ಬಾಗಿಲಿನ ಅಂಚನ್ನು ಪೂರ್ತಿ ಮಡಿಸಿದರೂ ಬಿರಿಯದ, ಒಳಗೆ ಬಲವಾದ, ಹೊರಗೆ ಮೆದುವಾದ ತಗಡು ಇದರಿಂದ ಸಾಧ್ಯವಾಯಿತು. ಈ ನೊವೆಲಿಸ್ ಸಂಸ್ಥೆಯನ್ನು 2007ರಲ್ಲಿ ಕೊಂಡವರು ನಮ್ಮ ಮುಂಬಯಿಯ ಹಿಂಡಾಲ್ಕೋದವರು. ಅವರದೇ ಕಾರ್ಖಾನೆ ಬೆಳಗಾವಿಯಲ್ಲಿಯೂ ಇದೆ. ಅಲ್ಲಿ ತಯಾರಾಗುವುದು ಅಲ್ಯುಮಿನಾ. ಇಷ್ಟು ಹೊತ್ತು ನಾವು ಪೊರೆ ಪೊರೆ ಎಂದು ಬೈದೆವಲ್ಲ, ಆ ಪೊರೆಯೂ ಅದೇ ಅಲ್ಯುಮಿನಾ!

ಇನ್ನೊಂದು ಪ್ರಯೋಗವನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಆಗಲೇ ಗಟ್ಟಿಯಾಗಿರುವ ಅಲ್ಯುಮಿನಿಯಂ ತುಂಡಿನ ಸುತ್ತ ಬೇರೊಂದು ಅಲ್ಯುಮಿನಿಯಂ ಎರಕ ಹೊಯ್ದು ಕೂಡಿಸುವ ಬಗೆಯನ್ನು ಸ್ವಿಟ್ಜರ್ಲೆಂಡಿನ ಜೂರಿಕ್ ನಗರದ ವಿಜ್ಞಾನಿಗಳು 2008ರ ಸುಮಾರಿಗೆ ಪ್ರಕಟಿಸಿದರು. ತುಂಡನ್ನು ರಸಾಯನದಲ್ಲಿ ಅದ್ದಿ ಪೊರೆಯನ್ನು ಕಳೆದು, ಆ ದ್ರಾವಣದಲ್ಲಿಯೇ ಸತುವಿನ ತೆಳುಲೇಪ ಕೊಡುತ್ತಾರೆ. ಸತು 420 ಡಿಗ್ರಿಗೇ ಕರಗಿ, ಮೇಲೆ ಹೊಯ್ದ ಲೋಹದಲ್ಲಿ ಲೀನವಾಗಿಬಿಡುತ್ತದೆ. ಬರಿಮೈಗೆ ಬರಿಮೈ ಸಿಗುತ್ತದೆ. ನಮ್ಮ ಕಲಾಯಿಯವರಿಗೆ ಇದನ್ನು ವಿವರಿಸಿದರೆ ಅವರೇನೂ ಬೆರಗಾಗಲಾರರು.

ಈಗ ನಮ್ಮ ಮಿತ್ರರ ರೇಡಿಯೇಟರಿಗೆ ಬರೋಣ. ಅದರ ಕೊಳವೆಯ ತಗಡು ಉರುಳೆಯಿಂದ ಬಂದುದಾಗಿರಲಿ, ಎರಕದಿಂದ ಬಂದುದಾಗಿರಲಿ, ಒಂಟಿ ತಗಡಂತೂ ಅಲ್ಲ. ಒಳತಿರುಳು ಮ್ಯಾಂಗನೀಸ್ ಬೆರೆತದ್ದು. ಹೊರಮೈಗೆ ಸಿಲಿಕಾನ್ ಬೆರೆತ ಹೊದಿಕೆ. ನೀರು ಹರಿಯುವ ಒಳಮೈಗೆ ಹಲವು ವೇಳೆ ಸತು ಬೆರೆತ ಇನ್ನೊಂದು ಹೊದಿಕೆ ಇರುತ್ತದೆ. ಅದು ಡಿಕ್ಸ್ ಅವರ ಹೊದಿಕೆಯಂತೆ ತಾನು ಸವೆದು ಕೊಳವೆಯನ್ನು ಉಳಿಸುವುದಕ್ಕೆ. ಕಾರ್ಖಾನೆಯಲ್ಲಿ ಕೊಳವೆಗಳನ್ನೂ ನಡುವಿನ ಸುಕ್ಕುತಗಡುಗಳನ್ನೂ ಜೋಡಿಸಿ ಬಿಗಿದು, ಫ್ಲಕ್ಸು ಹಚ್ಚಿ, ನೈಟ್ರೋಜನ್ ತುಂಬಿದ ಕುಲುಮೆಯಲ್ಲಿ ಸುಮಾರು 600 ಡಿಗ್ರಿಗೆ ಕೆಲವು ನಿಮಿಷ ಹಾಯಿಸುತ್ತಾರೆ. ಫ್ಲಕ್ಸು ಪೊರೆಯನ್ನು ಕಳೆಯುತ್ತದೆ, ಸಿಲಿಕಾನ್ ಹೊದಿಕೆ ಮಾತ್ರ ಕರಗಿ, ಬತ್ತಿಗೆ ಎಣ್ಣೆ ಏರುವಂತೆ ಸಂದುಗಳಿಗೆ ಹರಿಯುತ್ತದೆ, ತಿರುಳು ನಿಂತಿರುತ್ತದೆ. ನೂರಾರು ಬೆಸುಗೆಗಳು ಒಂದೇ ಬಾರಿಗೆ ಆಗಿಬಿಡುತ್ತವೆ. ಆ ಬೆಸುಗೆಯ ಲೋಹವನ್ನು ಯಾರೂ ಹೊರಗಿನಿಂದ ತಂದು ಹಚ್ಚಲಿಲ್ಲ. ಅದು ಮೊದಲಿನಿಂದಲೂ ತಗಡಿನಲ್ಲಿಯೇ ಇದ್ದುದು.

ಅದು ಒಮ್ಮೆ ಮಾತ್ರ ಆಗುವ ಕೆಲಸ. ಕುಲುಮೆಯಿಂದ ಹೊರಬಂದ ಮೇಲೆ ಹೊದಿಕೆಯ ಬಹುಪಾಲು ಸಂದುಗಳಿಗೆ ಹೋಗಿರುತ್ತದೆ. ಸ್ವಲ್ಪ ಸಿಲಿಕಾನ್ ತಿರುಳಿಗೂ ನುಸುಳಿ, ಅದನ್ನು ಮೊದಲಿಗಿಂತ ಬೇಗ ಕರಗುವಂತೆ ಮಾಡಿರುತ್ತದೆ. ಅಂತಹ ಕೊಳವೆಗೆ ನಮ್ಮ ಮಿತ್ರರು ಗ್ಯಾಸಿನ ಉರಿ ತೋರಿಸಿದರು. ಲೆಕ್ಕ ನೋಡೋಣ. ತಂದೆಯವರ ಬೆಸುಗೆ 183ಕ್ಕೆ ಕರಗುತ್ತಿತ್ತು. ಹಿತ್ತಾಳೆ 900 ದಾಟದೆ ಕರಗದು. ಕೈ ತಪ್ಪಲು ಅವರಿಗೆ 700 ಡಿಗ್ರಿಗಳ ಬಯಲಿತ್ತು. ಮಗನ ಕಡ್ಡಿ ಕರಗುವುದು 577ರ ಮೇಲೆ. ಕೊಳವೆ 640ರ ಸುಮಾರಿಗೆ ಅಥವಾ ಅದಕ್ಕೂ ಮೊದಲು. ಇವರಿಗಿದ್ದುದು ಐವತ್ತರವತ್ತು ಡಿಗ್ರಿಗಳ ಗದ್ದೆಯ ಬದು. ಅದರ ಮೇಲೆ ಇನ್ನೊಂದು ಮೋಸ: ಕಬ್ಬಿಣ, ಹಿತ್ತಾಳೆಗಳು ಕೆಂಪಾಗಿ ಮುನ್ಸೂಚನೆ ಕೊಡುತ್ತವೆ. ಅಲ್ಯುಮಿನಿಯಂ ಬಣ್ಣ ಬದಲಿಸದೆ, ಇದ್ದಂತೆಯೇ ಇದ್ದು, ಒಮ್ಮೆಲೇ ಕುಸಿಯುತ್ತದೆ. ಇದು ಅವರ ಅಜಾಗರೂಕತೆಯಲ್ಲವೆಂದು ನಾವು ಧೈರ್ಯವಾಗಿ ಹೇಳಬಲ್ಲೆವು. ಕೈ ಅದೇ, ಕಸಬು ಅದೇ. ಬದಲಾದುದು ಲೋಹ, ಮತ್ತು ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ದಾರಿ ಇಲ್ಲದಿಲ್ಲ. ಸತು ಹೆಚ್ಚಾಗಿದ್ದು ಅಲ್ಯುಮಿನಿಯಂ ಸ್ವಲ್ಪ ಬೆರೆತ ಬೆಸುಗೆ ಕಡ್ಡಿಗಳುಂಟು. ಅವು ಸುಮಾರು 380ರಿಂದ 480ರೊಳಗೆ ಕರಗುತ್ತವೆ. ಅವಕ್ಕೆ ಹೊಂದುವ, ಸೀಸಿಯಂ ಇರುವ ಫ್ಲಕ್ಸು ಬೇರೆಯೇ ಇದೆ. ಹೀಗೆ ಬದುವು ನೂರೈವತ್ತು ಡಿಗ್ರಿಗಳಷ್ಟು ಅಗಲವಾಗುತ್ತದೆ. ಉರಿಯನ್ನು ಕಡ್ಡಿಗೆ ಹಿಡಿಯಬಾರದು. ಕೊಳವೆಯ ಸುತ್ತ ಆಡಿಸಿ, ಕೊಳವೆಯ ಕಾವಿನಿಂದಲೇ ಕಡ್ಡಿ ಕರಗಬೇಕು. ಕಾವು ತಿಳಿಯಲು ಹಳೆಯ ಮೇಸ್ತ್ರಿಗಳ ಉಪಾಯವೊಂದಿದೆ: ಬಟ್ಟೆ ಸೋಪಿನಿಂದ ತಗಡಿನ ಮೇಲೆ ಒಂದು ಗೆರೆ ಎಳೆದರೆ, 400ರ ಆಸುಪಾಸಿಗೆ ಬರುವಾಗ ಗೆರೆ ಕಂದಿ ಕಪ್ಪಾಗುತ್ತದೆ. ಅಲ್ಲಿಂದ ಮುಂದೆ ಕೈ ನಿಧಾನವಾಗಬೇಕು. ಫ್ಲಕ್ಸಿನ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು. ಮುಚ್ಚಿದ ಕೋಣೆಯಲ್ಲಿ ಈ ಕೆಲಸ ಮಾಡತಕ್ಕದ್ದಲ್ಲ.

ಇದನ್ನೆಲ್ಲ ಓದಿ ಹೇಳಿದಾಗ ಮಿತ್ರರು, "ಸೇಟ್‌ಗೆ ಹೆಂಗ ನಂಬಸೂದರಿ?" ಎಂದರು. ಅದಕ್ಕೊಂದು ಸುಲಭವಾದ ಪರೀಕ್ಷೆ ಉಂಟು. ಕಾಸ್ಟಿಕ್ ಸೋಡಾ ನೀರನ್ನು ಅಲ್ಯುಮಿನಿಯಂಗೆ ತಾಗಿಸಿದರೆ ಲೋಹ ಕರಗುತ್ತದೆ, ಸಿಲಿಕಾನ್ ಕರಗದೆ ಕಪ್ಪು ಮಸಿಯಾಗಿ ಉಳಿಯುತ್ತದೆ. ಮರುದಿನ ಅವರು ಕೈಗೆ ರಬ್ಬರು ಚೀಲ ಹಾಕಿಕೊಂಡು, ಕಣ್ಣಿಗೆ ಕನ್ನಡಕ ಇಟ್ಟುಕೊಂಡು, ಹಾಳಾದ ಕೊಳವೆಯ ಒಂದು ತುಂಡನ್ನು ಸೀಳಿ, ಎರಡು ಮೈಗೂ ಆ ನೀರನ್ನು ಸವರಿ ತೊಳೆದರು. ಹೊರಮೈ ಕಪ್ಪಾಯಿತು, ಒಳಮೈ ಬಿಳಿಯಾಗಿಯೇ ಉಳಿಯಿತು. ಒಂದೇ ತಗಡು, ಎರಡು ಬಣ್ಣ. ಮಾಲೀಕರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರಂತೆ. ಹಿಡಿದ ಹಣದಲ್ಲಿ ಅರ್ಧ ಹಿಂದಕ್ಕೆ ಬಂದಿದೆ. ಸತುವಿನ ಕಡ್ಡಿ ತರಿಸಲು ಒಪ್ಪಿದ್ದಾರೆ. ಉಳಿದರ್ಧದ ಮಾತು ಇನ್ನೂ ಮುಗಿದಿಲ್ಲ.

ಆ ತುಂಡು ನಮ್ಮ ವಾಚನಾಲಯದ ಮೇಜಿನ ಮೇಲಿದೆ. ನೋಡಬಯಸುವ ಸದಸ್ಯರು ಸಂಜೆ ಏಳರಿಂದ ಒಂಬತ್ತರೊಳಗೆ ಬಂದು ಗ್ರಂಥಪಾಲರನ್ನು ಕೇಳಬಹುದು.